ಸಾಕ್ಷ್ಯಚಿತ್ರ, ಕಾಪಿರೈಟ್ ಮತ್ತು ಅಮೆರಿಕದ ಕಾನೂನು ಶಾಲೆಗಳ ಕ್ಲಿನಿಕ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ ಸಾಕ್ಷ್ಯಚಿತ್ರ ಮಾಡುತ್ತಿರುವ ಕನ್ನಡಿಗರು, ಹಾಗೆಯೇ ಕರ್ನಾಟಕದಲ್ಲಿ ಚಿತ್ರೀಕರಿಸಿ ಅಮೆರಿಕದ ಚಿತ್ರೋತ್ಸವಗಳಿಗೂ ವಾಹಿನಿಗಳಿಗೂ ಕಳುಹಿಸಲು ಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಚಿತ್ರದ ಒಂದು ನಿರ್ದಿಷ್ಟ ದೃಶ್ಯ ಕಾನೂನಿನ ಎದುರು ನಿಲ್ಲುತ್ತದೆಯೇ ಎಂದು ಹೇಳಬೇಕಾದವರು ಆ ದೃಶ್ಯವನ್ನು ಕಣ್ಣಾರೆ ನೋಡಿದ ವಕೀಲರೇ.

ಕಾನೂನು ಶಾಲೆಯ ಕ್ಲಿನಿಕ್ ಎಂದರೆ ಏನು? ಅಲ್ಲಿ ಕೆಲಸ ಮಾಡುವವರು ಯಾರು?

ವೈದ್ಯಕೀಯ ವಿದ್ಯಾರ್ಥಿಗಳು ಹಿರಿಯ ವೈದ್ಯರ ಜೊತೆ ವಾರ್ಡಿನಲ್ಲಿ ನಿಂತು ರೋಗಿಗಳನ್ನು ನೋಡುತ್ತಲೇ ಕಲಿಯುವಂತೆ, ಕಾನೂನು ವಿದ್ಯಾರ್ಥಿಗಳು ಪರವಾನಗಿ ಹೊಂದಿದ ವಕೀಲರ ಮೇಲ್ವಿಚಾರಣೆಯಲ್ಲಿ ನಿಜವಾದ ಕಕ್ಷಿದಾರರ ಕೆಲಸ ಮಾಡುತ್ತಲೇ ಕಲಿಯುವ ವ್ಯವಸ್ಥೆ ಇದು. ಮೇಲ್ವಿಚಾರಕರು ಅದೇ ಶಾಲೆಯ ಅಧ್ಯಾಪಕರಾಗಿರುತ್ತಾರೆ. ಅಮೆರಿಕದ ಹಲವು ಕಾನೂನು ಶಾಲೆಗಳಲ್ಲಿ ಬೌದ್ಧಿಕ ಆಸ್ತಿಗೆಂದೇ ಮೀಸಲಾದ ಕ್ಲಿನಿಕ್‌ಗಳಿದ್ದು, ಅವುಗಳಲ್ಲಿ ಕೆಲವು ಚಿತ್ರ ನಿರ್ಮಾಪಕರ ಕೆಲಸವನ್ನು ವಿಶೇಷವಾಗಿ ಕೈಗೆತ್ತಿಕೊಳ್ಳುತ್ತವೆ. ವಾಷಿಂಗ್ಟನ್ ನಗರದ ಅಮೆರಿಕನ್ ಯೂನಿವರ್ಸಿಟಿಯಲ್ಲಿರುವ ಗ್ಲುಷ್ಕೊ-ಸ್ಯಾಮ್ಯುಯೆಲ್ಸನ್ ಕ್ಲಿನಿಕ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕಾನೂನು ಶಾಲೆಯ ಕ್ಲಿನಿಕ್, ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ಕ್ಲಿನಿಕ್, ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಶಾಲೆಯ ಇಂಡಿ ಫಿಲ್ಮ್ ಕ್ಲಿನಿಕ್ ಇಂಥವು. ಇವು ವಕೀಲರ ಶುಲ್ಕ ಪಡೆಯುವುದಿಲ್ಲ. ಆದರೆ ಬಂದವರೆಲ್ಲರ ಕೆಲಸವನ್ನೂ ಒಪ್ಪಿಕೊಳ್ಳುವಷ್ಟು ಕೈಗಳು ಅಲ್ಲಿಲ್ಲ; ಖಾಸಗಿ ವಕೀಲರ ಶುಲ್ಕ ಭರಿಸಲಾಗದ ಸ್ವತಂತ್ರ ನಿರ್ಮಾಪಕರಿಗೆ, ಅದರಲ್ಲೂ ವಿದ್ಯಾರ್ಥಿಗಳಿಗೆ ಹೊಸದೇನನ್ನಾದರೂ ಕಲಿಸುವಂಥ ಚಿತ್ರಗಳಿಗೆ, ಆದ್ಯತೆ ಸಿಗುತ್ತದೆ.

ನಾನು ಕ್ಯಾಮೆರಾ ಹಿಡಿದವನು. ನನಗೆ ವಕೀಲರ ಸಹವಾಸ ಯಾಕೆ ಬೇಕು?

ಕ್ಯಾಮೆರಾ ಹಿಡಿದ ಕಡೆಯಲ್ಲೆಲ್ಲ ಬೇರೆಯವರ ಕೃತಿಗಳು ಚೌಕಟ್ಟಿನೊಳಗೆ ಬಂದು ಕೂರುತ್ತವೆ ಎಂಬುದೇ ಕಾರಣ. ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದ ಉದಾಹರಣೆ ಜಾನ್ ಎಲ್ಸ್ ಎಂಬ ನಿರ್ದೇಶಕರದ್ದು. 1990ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ಆಪೆರಾದ ರಂಗದ ಹಿಂದೆ ದುಡಿಯುವ ಕೆಲಸಗಾರರನ್ನು ಚಿತ್ರೀಕರಿಸುತ್ತಿದ್ದರು. ರಂಗದ ಮೇಲೆ ವ್ಯಾಗ್ನರನ ಸಂಗೀತ ನಾಟಕ ನಡೆಯುತ್ತಿದ್ದರೆ, ಹಿಂದೆ ಕೆಲಸಗಾರರು ಚೆಕರ್ಸ್ ಆಡುತ್ತ ಕುಳಿತಿದ್ದರು. ಕೋಣೆಯ ಮೂಲೆಯಲ್ಲಿದ್ದ ಟಿವಿಯಲ್ಲಿ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಬರುತ್ತಿತ್ತು. ಅಂತಿಮ ಚಿತ್ರದಲ್ಲಿ ಆ ಟಿವಿ ಕಾಣಿಸುತ್ತಿದ್ದುದು ನಾಲ್ಕೂವರೆ ಸೆಕೆಂಡು. ಎಲ್ಸ್ ಅನುಮತಿ ಕೇಳಿದರು. ಕಾರ್ಟೂನಿನ ಸೃಷ್ಟಿಕರ್ತರು ಆಗಲಿ ಎಂದರು, ಅದನ್ನು ನಿರ್ಮಿಸಿದ ಕಂಪನಿಯೂ ಆಗಲಿ ಎಂದಿತು, ಆದರೆ ಫಾಕ್ಸ್ ಸಂಸ್ಥೆ 10,000 ಡಾಲರ್ ಕೇಳಿತು. ಅಷ್ಟು ಹಣವಿಲ್ಲದ ಎಲ್ಸ್ ಟಿವಿಯ ಪರದೆಯಲ್ಲಿದ್ದ ಚಿತ್ರವನ್ನು ಅಳಿಸಿ, ತಾವೇ ಹಿಂದೆ ಮಾಡಿದ್ದ ಇನ್ನೊಂದು ಚಿತ್ರದ ತುಣುಕನ್ನು ಅಲ್ಲಿ ಕೂಡಿಸಿದರು.

ಇದರಿಂದ ಆದ ನಷ್ಟ ಯಾವುದು ಎಂಬುದನ್ನು ನೋಡಬೇಕು. ಆ ರಾತ್ರಿ ಆ ಕೋಣೆಯಲ್ಲಿ ನಡೆದದ್ದು ಒಂದು, ಪ್ರೇಕ್ಷಕರು ನೋಡಿದ್ದು ಇನ್ನೊಂದು. ನಡೆದದ್ದನ್ನು ನಡೆದಂತೆ ತೋರಿಸುವುದೇ ಸಾಕ್ಷ್ಯಚಿತ್ರದ ಕಸುಬಾಗಿರುವಾಗ, ಹಣವಿಲ್ಲದ ಒಂದೇ ಕಾರಣಕ್ಕೆ ಸತ್ಯವನ್ನು ತಿದ್ದಬೇಕಾಗಿ ಬರುವುದು ಸಣ್ಣ ಸಂಗತಿಯಲ್ಲ. ಇಂಥ ಬಳಕೆಗೆ ಅನುಮತಿಯೇ ಬೇಕಿರಲಿಲ್ಲ ಎಂದು ಅನೇಕ ಕಾನೂನು ತಜ್ಞರು ಹೇಳಿದ್ದಾರೆ. ಆದರೆ ಹಾಗೆಂದು ಲಿಖಿತವಾಗಿ, ಧೈರ್ಯವಾಗಿ, ಸಣ್ಣ ನಿರ್ಮಾಪಕರ ಕೈಗೆಟಕುವಂತೆ ಹೇಳುವವರು ಆಗ ಇರಲಿಲ್ಲ. ಕ್ಲಿನಿಕ್‌ಗಳು ತುಂಬುತ್ತಿರುವುದು ಈ ಕೊರತೆಯನ್ನು.

‘ಫೇರ್ ಯೂಸ್’ ಎಂದರೆ ನಿಖರವಾಗಿ ಏನು?

ಕಾಪಿರೈಟ್ ಇರುವ ಕೃತಿಯನ್ನು ಮಾಲೀಕರ ಅನುಮತಿಯಿಲ್ಲದೆ, ಹಣ ಕೊಡದೆ, ಕೆಲವು ಸಂದರ್ಭಗಳಲ್ಲಿ ನ್ಯಾಯಯುತವಾಗಿ ಬಳಸಲು ಅಮೆರಿಕದ ಕಾನೂನು ಕೊಟ್ಟಿರುವ ಅವಕಾಶ. 1976ರ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್ ಇದನ್ನು ಹೇಳುತ್ತದೆ. ಬಳಕೆಯ ಉದ್ದೇಶ ಮತ್ತು ಸ್ವರೂಪ, ಮೂಲ ಕೃತಿಯ ಸ್ವಭಾವ, ಬಳಸಿದ ಭಾಗದ ಪ್ರಮಾಣ ಮತ್ತು ಮಹತ್ವ, ಮೂಲ ಕೃತಿಯ ಮಾರುಕಟ್ಟೆಯ ಮೇಲಾಗುವ ಪರಿಣಾಮ, ಈ ನಾಲ್ಕನ್ನೂ ಒಟ್ಟಿಗೆ ತೂಗಿ ನ್ಯಾಯಾಲಯ ತೀರ್ಮಾನಿಸಬೇಕು. ಇದು ಮಾಲೀಕರು ತೋರುವ ಔದಾರ್ಯವಲ್ಲ, ಕಾನೂನು ಕೊಟ್ಟ ಹಕ್ಕು; ಆದರೆ ಕಾರಣಗಳನ್ನು ಕೊಟ್ಟು ಸ್ಥಾಪಿಸಿಕೊಳ್ಳಬೇಕಾದ ಹಕ್ಕು.

ಎಷ್ಟು ಸೆಕೆಂಡಿನವರೆಗೆ ಬಳಸಬಹುದು? ಮೂವತ್ತು ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ ಎನ್ನುತ್ತಾರಲ್ಲ?

ಅಂಥ ನಿಯಮ ಅಮೆರಿಕದ ಕಾನೂನಿನಲ್ಲಿ ಇಲ್ಲ, ಭಾರತದ ಕಾನೂನಿನಲ್ಲೂ ಇಲ್ಲ. ಐದು ಸೆಕೆಂಡು ತಪ್ಪಾಗಬಹುದು, ಒಂದು ನಿಮಿಷ ಸರಿಯಾಗಬಹುದು. ನೀವು ಹೇಳಹೊರಟ ಮಾತಿಗೆ ಎಷ್ಟು ಬೇಕೋ ಅಷ್ಟನ್ನು ಬಳಸಿದ್ದೀರಾ ಎಂಬುದೇ ಅಳತೆ. ಕೊನೆಯ ಶೀರ್ಷಿಕೆಗಳಲ್ಲಿ ಮೂಲದವರ ಹೆಸರು ಹಾಕಿದರೆ ಸಾಕು ಎಂಬ ನಂಬಿಕೆಯೂ ಇಷ್ಟೇ ವ್ಯಾಪಕವಾಗಿದೆ. ಹೆಸರು ಹಾಕುವುದು ಸೌಜನ್ಯ, ನಿಮ್ಮ ಸದುದ್ದೇಶಕ್ಕೆ ಪುರಾವೆಯೂ ಹೌದು, ಆದರೆ ಅದು ಪರವಾನಗಿಯ ಜಾಗವನ್ನು ತುಂಬುವುದಿಲ್ಲ.

2005ರ ಹೇಳಿಕೆ ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಏನು?

ಅಮೆರಿಕನ್ ಯೂನಿವರ್ಸಿಟಿಯ ಮಾಧ್ಯಮ ಪ್ರಾಧ್ಯಾಪಕಿ ಪೆಟ್ರೀಷಿಯಾ ಆಫ್ಡರ್‌ಹೈಡ್ ಮತ್ತು ಅದೇ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಪೀಟರ್ ಜಾಸಿ 2004ರಲ್ಲಿ ಸಾಕ್ಷ್ಯಚಿತ್ರಕಾರರನ್ನು ಮಾತನಾಡಿಸಿ, ಹಕ್ಕುಗಳ ಅನುಮತಿಯ ಗೋಜಲಿನಿಂದ ಎಂತೆಂಥ ಚಿತ್ರಗಳು ಮೊಟಕಾಗುತ್ತಿವೆ, ಎಂತೆಂಥವು ಹುಟ್ಟುವುದೇ ಇಲ್ಲ ಎಂಬುದನ್ನು ದಾಖಲಿಸಿದರು. ಅದರ ಮುಂದುವರಿಕೆಯಾಗಿ, ಚಿತ್ರಕಾರರ ಸಂಘಟನೆಗಳೇ ಚರ್ಚಿಸಿ, ತಮ್ಮ ವೃತ್ತಿಯಲ್ಲಿ ಯಾವುದು ನ್ಯಾಯವಾದ ಬಳಕೆ ಎಂಬುದನ್ನು ಬರಹಕ್ಕಿಳಿಸಿ 2005ರ ನವೆಂಬರ್‌ನಲ್ಲಿ ಪ್ರಕಟಿಸಿದವು.

ಆ ಹೇಳಿಕೆ ನಾಲ್ಕು ಸಂದರ್ಭಗಳನ್ನು ಗುರುತಿಸುತ್ತದೆ. ಒಂದು ಕೃತಿಯನ್ನೇ ವಿಮರ್ಶೆಯ ವಸ್ತುವಾಗಿ ತೋರಿಸುವುದು ಮೊದಲನೆಯದು. ಒಂದು ವಾದವನ್ನು ಮನಗಾಣಿಸಲು ಜನಪ್ರಿಯ ಸಂಸ್ಕೃತಿಯ ತುಣುಕನ್ನು ಉದ್ಧರಿಸುವುದು ಎರಡನೆಯದು. ಬೇರೇನನ್ನೋ ಚಿತ್ರೀಕರಿಸುವಾಗ ಹಾಡೋ ಟಿವಿ ಕಾರ್ಯಕ್ರಮವೋ ತಾನಾಗಿ ಸೆರೆಯಾಗುವುದು ಮೂರನೆಯದು. ಇತಿಹಾಸವನ್ನು ನಿರೂಪಿಸುವಾಗ ಆ ಕಾಲದ ದೃಶ್ಯ, ಧ್ವನಿ, ಚಿತ್ರಗಳನ್ನು ಬಳಸುವುದು ನಾಲ್ಕನೆಯದು. ಪ್ರತಿಯೊಂದಕ್ಕೂ ಮಿತಿಗಳನ್ನು ಹೇಳಿದ್ದಾರೆ, ನಾಲ್ಕನೆಯದಕ್ಕೆ ಬಿಗಿಯಾಗಿಯೇ ಹೇಳಿದ್ದಾರೆ: ಇಡೀ ಚಿತ್ರ ಆ ಹಳೆಯ ತುಣುಕಿನ ಸುತ್ತಲೇ ಹೆಣೆದದ್ದಾಗಿರಬಾರದು, ಒಂದೇ ಮೂಲದಿಂದ ಬಾಚಿಕೊಂಡದ್ದಾಗಿರಬಾರದು, ಪರವಾನಗಿ ಸಿಗುವುದೇ ಇಲ್ಲ ಅಥವಾ ಬಜೆಟ್ಟಿಗೆ ಹೋಲಿಸಿದರೆ ಅದರ ದರ ವಿಪರೀತವಾಗಿದೆ ಎಂಬ ಸ್ಥಿತಿ ಇರಬೇಕು.

ಇದು ಶಾಸನವಲ್ಲ, ಯಾವ ನ್ಯಾಯಾಧೀಶರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಒಂದು ವೃತ್ತಿಯವರು ತಮ್ಮ ರೂಢಿಯನ್ನು ತಾವೇ ಹೊಣೆಯರಿತು ಬರೆದಿಟ್ಟುಕೊಂಡದ್ದರಿಂದ ವಕೀಲರಿಗೂ ವಿಮಾ ಕಂಪನಿಗಳಿಗೂ ಕಾಲೂರಲು ನೆಲ ಸಿಕ್ಕಿತು. ಕ್ಲಿನಿಕ್‌ನ ವಿದ್ಯಾರ್ಥಿಗಳು ನಿಮ್ಮ ರಫ್ ಕಟ್ (ಸಂಕಲನದ ಕರಡು ರೂಪ) ನೋಡುವಾಗ ಇದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ.

ಜಾತ್ರೆಯ ದೃಶ್ಯದಲ್ಲಿ ಧ್ವನಿವರ್ಧಕದಿಂದ ಸಿನಿಮಾ ಹಾಡು ಕೇಳಿಬರುತ್ತಿದೆ. ತೆಗೆಯಲೇಬೇಕೇ?

ನಮ್ಮವರು ಅತಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ಏಕೆಂದರೆ ನಮ್ಮ ಊರುಗಳಲ್ಲಿ ಹಾಡಿಲ್ಲದ ಹೋಟೆಲಿಲ್ಲ, ಬಸ್ಸಿಲ್ಲ, ಮದುವೆ ಮನೆಯಿಲ್ಲ. ಚಿತ್ರ ಅಮೆರಿಕದಲ್ಲಿ ಪ್ರದರ್ಶನಗೊಳ್ಳುವುದಾದರೆ ಇದು ಮೇಲೆ ಹೇಳಿದ ಮೂರನೆಯ ಸಂದರ್ಭಕ್ಕೆ ಸೇರುತ್ತದೆ. ಹಾಡನ್ನು ಹಾಕಿಸಿದವರು ನೀವಾಗಿರಬಾರದು. ಅದು ಆ ಜಾಗದ ಸಹಜ ಭಾಗವಾಗಿರಬೇಕು, ದೃಶ್ಯದ ಮುಖ್ಯ ಆಕರ್ಷಣೆಯಾಗಿರಬಾರದು. ಸಂಕಲನದಲ್ಲಿ ಅದರ ಸದ್ದನ್ನು ಏರಿಸಿ, ಮುಂದಿನ ರಥದ ದೃಶ್ಯಕ್ಕೂ ಎಳೆದು, ಹಿನ್ನೆಲೆ ಸಂಗೀತದ ಕೆಲಸವನ್ನು ಅದರಿಂದ ಮಾಡಿಸಿದರಂತೂ ಸಮರ್ಥನೆ ಅಲ್ಲಿಗೇ ಕುಸಿಯುತ್ತದೆ. ದೃಶ್ಯ ಎಲ್ಲಿ ಕತ್ತರಿಸುತ್ತದೋ ಹಾಡೂ ಅಲ್ಲೇ ಕತ್ತರಿಸಬೇಕು ಎಂಬುದು ಸಂಕಲನಕಾರರು ನೆನಪಿಟ್ಟುಕೊಳ್ಳಬೇಕಾದ ಸೂತ್ರ.

ಭಾರತದಲ್ಲಿ ಸ್ಥಿತಿ ಬೇರೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಕಲಾಕೃತಿಯನ್ನೂ, ಹಿನ್ನೆಲೆಯಲ್ಲಿ ಪ್ರಾಸಂಗಿಕವಾಗಿ ಬರುವ ಇತರ ಕಲಾಕೃತಿಯನ್ನೂ ಚಲನಚಿತ್ರದಲ್ಲಿ ಸೇರಿಸಲು ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ಗೋಡೆಯ ಚಿತ್ರ, ವೃತ್ತದಲ್ಲಿನ ಪ್ರತಿಮೆ, ಅಂಗಡಿಯ ಕ್ಯಾಲೆಂಡರ್ ಈ ರಕ್ಷಣೆಯೊಳಗೆ ಬರುತ್ತವೆ. ಆದರೆ ಆ ಉಪವಿಧಿ ಹಾಡಿನ ಬಗ್ಗೆ ಮೌನವಾಗಿದೆ. ಹಾಡಿನ ವಿಷಯದಲ್ಲಿ ವಿಮರ್ಶೆ, ವರದಿಗಾರಿಕೆ ಮೊದಲಾದ ಉದ್ದೇಶಗಳಿಗೆ ಮೀಸಲಾದ ‘ಫೇರ್ ಡೀಲಿಂಗ್’ ಅನ್ನೋ, ಬಳಕೆ ಗಣನೆಗೆ ಬಾರದಷ್ಟು ಅಲ್ಪ ಎಂಬ ವಾದವನ್ನೋ ಆಶ್ರಯಿಸಬೇಕಾಗುತ್ತದೆ. ಈ ಎರಡನೆಯ ವಾದವನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಇಂಡಿಯಾ ಟಿವಿ ಮತ್ತು ಯಶ್‌ರಾಜ್ ಫಿಲ್ಮ್ಸ್ ನಡುವಿನ ಪ್ರಕರಣದಲ್ಲಿ ಪುರಸ್ಕರಿಸಿದೆ.

2023ರ ವಾರ್ಹಾಲ್ ತೀರ್ಪಿನ ನಂತರ ಫೇರ್ ಯೂಸ್ ಮುಗಿದುಹೋಯಿತೇ?

ಇಲ್ಲ. ಆದರೆ ಕಾರಣಗಳನ್ನು ಮೊದಲಿಗಿಂತ ಎಚ್ಚರದಿಂದ ಕೊಡಬೇಕಾಗಿದೆ. ಗಾಯಕ ಪ್ರಿನ್ಸ್ ಅವರ ಭಾವಚಿತ್ರವನ್ನು ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ತೆಗೆದಿದ್ದರು. ಅದನ್ನು ಆಧರಿಸಿ ಕಲಾವಿದ ಆಂಡಿ ವಾರ್ಹಾಲ್ ಮಾಡಿದ ಕಲಾಕೃತಿಯೊಂದನ್ನು 2016ರಲ್ಲಿ ಪತ್ರಿಕೆಯೊಂದರ ಮುಖಪುಟಕ್ಕೆ ಪರವಾನಗಿ ಮೇಲೆ ಕೊಡಲಾಯಿತು. ಎರಡೂ ಚಿತ್ರಗಳ ಉದ್ದೇಶ ಆ ಬಳಕೆಯಲ್ಲಿ ಒಂದೇ ಆಗಿತ್ತು, ಹೊಸ ಭಾವ ಅಥವಾ ಹೊಸ ಅರ್ಥ ಕೊಟ್ಟ ಮಾತ್ರಕ್ಕೆ ಸಾಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ 2023ರ ಮೇ ತಿಂಗಳಲ್ಲಿ ಹೇಳಿತು. ಹಾಗಾದರೆ ನಿಮ್ಮ ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆ ಇದು: ಬೇರೆ ಯಾವುದೂ ಅಲ್ಲದೆ ಈ ತುಣುಕೇ ಏಕೆ ಬೇಕು?

ಈ ತೀರ್ಪಿನ ಬಿಸಿ ಸಾಕ್ಷ್ಯಚಿತ್ರಗಳಿಗೂ ತಟ್ಟಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳಲ್ಲೊಂದಾದ ಹತ್ತನೇ ಸರ್ಕ್ಯೂಟ್ ನ್ಯಾಯಾಲಯ, ನೆಟ್‌ಫ್ಲಿಕ್ಸ್‌ನ ಸಾಕ್ಷ್ಯಚಿತ್ರ ಸರಣಿಯೊಂದರಲ್ಲಿ ಬಳಸಿದ ಅಂತ್ಯಕ್ರಿಯೆಯ ವಿಡಿಯೊ ತುಣುಕಿನ ಬಗ್ಗೆ, ಸರಣಿಯು ಆ ವಿಡಿಯೊವನ್ನೇ ಕುರಿತು ಏನನ್ನೂ ಹೇಳುತ್ತಿಲ್ಲ, ಅದರಲ್ಲಿರುವ ವ್ಯಕ್ತಿಯ ಬಗ್ಗೆ ಮಾತ್ರ ಹೇಳುತ್ತಿದೆ ಎಂಬ ಕಾರಣ ಕೊಟ್ಟು ಫೇರ್ ಯೂಸ್ ವಾದವನ್ನು ಒಪ್ಪಲಿಲ್ಲ. ಇತಿಹಾಸ ಹೇಳುವ ಬಹುತೇಕ ಚಿತ್ರಗಳು ಹಳೆಯ ದೃಶ್ಯಗಳನ್ನು ಬಳಸುವುದೇ ಹೀಗೆ. ಆದ್ದರಿಂದ ಚಿತ್ರಕಾರರಲ್ಲಿ ದೊಡ್ಡ ಆತಂಕ ಹುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಯಾಲಯ ಆ ಭಾಗವನ್ನು ಬದಿಗಿಟ್ಟು ಮರುವಿಚಾರಣೆಗೆ ಒಪ್ಪಿತು. ಯಾವ ನಿರೂಪಣೆಯೂ ಇಲ್ಲದೆ ಹಳೆಯ ದೃಶ್ಯವನ್ನು ಸುಮ್ಮನೆ ಹರಿಯಬಿಡುವುದಕ್ಕಿಂತ, ಆ ದೃಶ್ಯ ಯಾರು ತೆಗೆದದ್ದು, ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ಚಿತ್ರದೊಳಗೇ ಮಾತನಾಡುವುದು ಹೆಚ್ಚು ಸುರಕ್ಷಿತ. ನನ್ನ ಅಭಿಪ್ರಾಯದಲ್ಲಿ ಅದರಿಂದ ಚಿತ್ರವೂ ಉತ್ತಮಗೊಳ್ಳುತ್ತದೆ.

ವಾಹಿನಿಯವರು ‘ಇ ಅಂಡ್ ಓ ವಿಮೆ’ ಕೇಳುತ್ತಿದ್ದಾರೆ. ಅದಕ್ಕೂ ಕ್ಲಿನಿಕ್‌ಗೂ ಏನು ಸಂಬಂಧ?

ಎರರ್ಸ್ ಅಂಡ್ ಒಮಿಷನ್ಸ್ ವಿಮೆ ಎಂಬುದು ಅದರ ಪೂರ್ಣ ಹೆಸರು. ಕಾಪಿರೈಟ್ ಉಲ್ಲಂಘನೆ, ಮಾನಹಾನಿ ಮುಂತಾದ ಆರೋಪದ ಮೇಲೆ ಯಾರಾದರೂ ದಾವೆ ಹೂಡಿದರೆ ಅದರ ಖರ್ಚನ್ನು ಇದು ಭರಿಸುತ್ತದೆ. ಈ ಪಾಲಿಸಿ ಇಲ್ಲದ ಚಿತ್ರವನ್ನು ಅಮೆರಿಕದ ವಾಹಿನಿಗಳೂ ವಿತರಕರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಂದು ಕಾಲದಲ್ಲಿ ವಿಮಾ ಕಂಪನಿಗಳು ಪ್ರತಿಯೊಂದು ತುಣುಕಿಗೂ ಪರವಾನಗಿ ಪತ್ರ ಕೇಳುತ್ತಿದ್ದವು. ಫೇರ್ ಯೂಸ್ ಎಂಬ ಮಾತನ್ನೇ ಒಪ್ಪುತ್ತಿರಲಿಲ್ಲ. ಹಾಗಾಗಿ ಕಾನೂನಿನಲ್ಲಿ ಇದ್ದ ಹಕ್ಕು ವ್ಯವಹಾರದಲ್ಲಿ ಇರಲಿಲ್ಲ. 2005ರ ಹೇಳಿಕೆ ಬಂದ ಮೇಲೆ, 2007ರಲ್ಲಿ ಸ್ಟ್ಯಾನ್‌ಫರ್ಡ್ ಕಾನೂನು ಶಾಲೆಯ ಫೇರ್ ಯೂಸ್ ಪ್ರಾಜೆಕ್ಟ್ ವಿಮಾ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಈ ಗೋಡೆ ಒಡೆಯಿತು. ಈಗ ತಿಳಿದ ವಕೀಲರೊಬ್ಬರು ಪ್ರತಿಯೊಂದು ಬಳಕೆಯನ್ನೂ ಪರಿಶೀಲಿಸಿ ಬರೆದ ಅಭಿಪ್ರಾಯ ಪತ್ರವಿದ್ದರೆ ವಿಮೆ ದೊರೆಯುತ್ತದೆ. ಆ ಪತ್ರವನ್ನು ಖಾಸಗಿ ವಕೀಲರಿಂದ ಬರೆಸಲು ತಗಲುವ ಹಣ ಸಣ್ಣ ಚಿತ್ರದ ಬಜೆಟ್ಟನ್ನೇ ಅಲುಗಾಡಿಸಬಹುದು. ಕ್ಲಿನಿಕ್ ಮಾಡಿಕೊಡುವ ಅತಿ ದೊಡ್ಡ ಉಪಕಾರ ಇದೇ. ವಿಮೆಯ ಪ್ರೀಮಿಯಂ ಮಾತ್ರ ನೀವೇ ಕಟ್ಟಬೇಕು.

ಕ್ಲಿನಿಕ್‌ಗೆ ಹೋಗುವಾಗ ಏನೇನು ಸಿದ್ಧಪಡಿಸಿಕೊಳ್ಳಬೇಕು?

ರಫ್ ಕಟ್, ಮತ್ತು ಅದರಲ್ಲಿ ನಿಮ್ಮದಲ್ಲದ ಪ್ರತಿಯೊಂದು ದೃಶ್ಯ, ಫೋಟೊ, ಧ್ವನಿಯ ಪಟ್ಟಿ. ಪಟ್ಟಿ ಹೇಗಿರಬೇಕು ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಮುಚ್ಚಿಹೋದ ಚಿತ್ರಮಂದಿರಗಳ ಬಗ್ಗೆ ನಿಮ್ಮ ಚಿತ್ರವಿದೆ ಎಂದುಕೊಳ್ಳಿ. ಪಟ್ಟಿಯ ಒಂದು ಸಾಲಿನಲ್ಲಿ ಹೀಗಿರಬೇಕು: ಟೈಮ್‌ಕೋಡ್: 00:23:10ರಿಂದ 00:23:19; ಮೂಲ: ಹಳೆಯ ಕನ್ನಡ ಚಲನಚಿತ್ರವೊಂದರ ಹೊಡೆದಾಟದ ದೃಶ್ಯ; ಹಕ್ಕುದಾರರು: ನಿರ್ಮಾಪಕರ ವಾರಸುದಾರರು ಇರಬಹುದು; ಪ್ರತಿ ಎಲ್ಲಿಂದ ಸಿಕ್ಕಿತು: ಡಿವಿಡಿ; ಅದರ ಮೇಲೆ ಬರುವ ಮಾತು: ಈ ದೃಶ್ಯಕ್ಕೆ ಗಾಂಧಿ ಕ್ಲಾಸಿನವರು ಪರದೆಗೆ ಚಿಲ್ಲರೆ ಎಸೆಯುತ್ತಿದ್ದುದನ್ನು ಪ್ರೊಜೆಕ್ಟರ್ ಆಪರೇಟರ್ ನೆನೆಯುತ್ತಾರೆ; ಈ ತುಣುಕೇ ಏಕೆ: ಅವರು ಹೆಸರಿಸುವ ದೃಶ್ಯ ಇದೇ, ಇದನ್ನು ನೋಡದೆ ಪ್ರೇಕ್ಷಕರ ಆ ವರ್ತನೆ ಅರ್ಥವಾಗುವುದಿಲ್ಲ.

ಆ ಕೊನೆಯ ಕಾಲಂ ಅನ್ನು ಖಾಲಿ ಬಿಡಬೇಡಿ. ‘ದೃಶ್ಯ ಚೆನ್ನಾಗಿದೆ’, ‘ಮೂಡ್ ಬರುತ್ತದೆ’ ಎಂಬ ಕಾರಣಗಳು ಬಂದರೆ ಆ ತುಣುಕಿಗೆ ಪರವಾನಗಿ ಪಡೆಯಬೇಕು ಅಥವಾ ಅದನ್ನು ಬಿಡಬೇಕು ಎಂದೇ ಅರ್ಥ. ಸಂಕಲನದ ಮೇಜಿನ ಮುಂದೆ ಕೂತಾಗಲೇ ಈ ಕಾಲಂ ತುಂಬುತ್ತ ಹೋದರೆ, ವಕೀಲರ ಬಳಿಗೆ ಹೋಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ಅನುಮತಿ ಕೇಳಿದೆ, ಮಾಲೀಕರು ನಿರಾಕರಿಸಿದರು. ಈಗ ಫೇರ್ ಯೂಸ್ ಎನ್ನಲು ಬರುವುದಿಲ್ಲವೇ?

ಬರುತ್ತದೆ. ಅನುಮತಿ ಕೇಳಿದ್ದು ತಪ್ಪೊಪ್ಪಿಗೆಯಲ್ಲ. ಬಳಕೆ ನ್ಯಾಯವಾಗಿದ್ದರೆ ಅನುಮತಿಯ ಅಗತ್ಯವೇ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1994ರ ಕ್ಯಾಂಪ್‌ಬೆಲ್ ತೀರ್ಪಿನಲ್ಲೇ ಹೇಳಿದೆ. ಆದರೂ ಪತ್ರ ಬರೆಯುವ ಮೊದಲು ಕ್ಲಿನಿಕ್‌ನವರನ್ನು ಕೇಳುವುದು ಒಳ್ಳೆಯದು.

ಡಿವಿಡಿಯ ಲಾಕ್ ಒಡೆದು ತುಣುಕು ತೆಗೆದುಕೊಳ್ಳಬಹುದೇ?

ಬಳಕೆ ನ್ಯಾಯವಾಗಿದ್ದರೂ, ಲಾಕ್ ಒಡೆಯುವುದನ್ನೇ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆ ಪ್ರತ್ಯೇಕ ತಪ್ಪಾಗಿಸಿತು. ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಪರಿಶೀಲಿಸುವ ಪ್ರಕ್ರಿಯೆಯೂ ಅದೇ ಕಾನೂನಿನಲ್ಲಿದೆ. ಕಾರ್ಟೆಂಕ್ವಿನ್ ಫಿಲ್ಮ್ಸ್, ಇಂಟರ್‌ನ್ಯಾಷನಲ್ ಡಾಕ್ಯುಮೆಂಟರಿ ಅಸೋಸಿಯೇಷನ್ ಮುಂತಾದವರ ಪರವಾಗಿ ಕ್ಲಿನಿಕ್‌ಗಳ ವಿದ್ಯಾರ್ಥಿಗಳೂ ವಕೀಲರೂ ಅರ್ಜಿ ಸಲ್ಲಿಸಿ ವಾದಿಸಿದ ಫಲವಾಗಿ, ವಿಮರ್ಶೆ ಅಥವಾ ಟಿಪ್ಪಣಿಗಾಗಿ ಡಿವಿಡಿಯಿಂದ ಚಿಕ್ಕ ಭಾಗಗಳನ್ನು ತೆಗೆಯಲು ಸಾಕ್ಷ್ಯಚಿತ್ರಕಾರರಿಗೆ 2010ರಲ್ಲಿ ವಿನಾಯಿತಿ ಸಿಕ್ಕಿತು. ನಂತರ ಅದು ಆನ್‌ಲೈನ್ ಮೂಲಗಳಿಗೂ ಬ್ಲೂ-ರೇಗೂ ವಿಸ್ತರಿಸಿತು. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬರೆದ ಕಾಗದವಲ್ಲ ಅದು, ದೇಶದ ನಿಯಮವನ್ನು ಬದಲಿಸಿದ ಕೆಲಸ ಎಂಬುದನ್ನು ಇಲ್ಲಿ ಹೇಳಲೇಬೇಕು. ವಿನಾಯಿತಿಯ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆ ಹೊತ್ತಿಗೆ ಜಾರಿಯಲ್ಲಿರುವ ಪಠ್ಯವನ್ನೇ ನೋಡಿ.

ಭಾರತದಲ್ಲಿ ಹಕ್ಕಿನ ಅವಧಿ ಮುಗಿದ ಹಳೆಯ ಕನ್ನಡ ಚಿತ್ರವನ್ನು ಅಮೆರಿಕದಲ್ಲೂ ಮುಕ್ತವಾಗಿ ಬಳಸಬಹುದೇ?

ಇಲ್ಲೇ ಅನೇಕರು ಎಡವುತ್ತಾರೆ. ಭಾರತದಲ್ಲಿ ಚಲನಚಿತ್ರದ ಕಾಪಿರೈಟ್ ಬಿಡುಗಡೆಯ ಮರುವರ್ಷದಿಂದ 60 ವರ್ಷ. 1960ರಲ್ಲಿ ತೆರೆಕಂಡ ಚಿತ್ರ ಭಾರತದಲ್ಲಿ 2020ರ ಅಂತ್ಯಕ್ಕೆ ಮುಕ್ತವಾಯಿತು. ಆದರೆ 1996ರ ಜನವರಿ 1ರಂದು ಸ್ವದೇಶದಲ್ಲಿ ಹಕ್ಕು ಉಳಿದಿದ್ದ ವಿದೇಶಿ ಕೃತಿಗಳಿಗೆ ಅಮೆರಿಕ ತನ್ನ ನೆಲದಲ್ಲಿ ಹಕ್ಕನ್ನು ಮರಳಿ ಕೊಟ್ಟಿದ್ದು, ಆ ಕಾಲದ ಕೃತಿಗಳಿಗೆ ಅಲ್ಲಿ ಅವಧಿ ಪ್ರಕಟಣೆಯಿಂದ 95 ವರ್ಷ. ಹಾಗಾಗಿ ಅದೇ ಚಿತ್ರ ಅಮೆರಿಕದಲ್ಲಿ 2055ರ ಅಂತ್ಯದವರೆಗೆ ರಕ್ಷಿತ. ಭಾರತದಲ್ಲೂ ಹಾಡಿನ ಸಾಹಿತ್ಯ ಮತ್ತು ಸಂಗೀತ ಪ್ರತ್ಯೇಕ ಕೃತಿಗಳು. ಅವುಗಳ ಹಕ್ಕು ಕರ್ತೃವಿನ ನಿಧನದ ನಂತರ 60 ವರ್ಷ ಇರುತ್ತದೆ. ಚಿತ್ರ ಮುಕ್ತವಾದರೂ ಹಾಡು ಮುಕ್ತವಾಗದೆ ಇರುವುದು ಹೀಗೆ.

ದಾವೆ ಬಿದ್ದರೆ ಕ್ಲಿನಿಕ್ ನನ್ನ ಪರ ವಾದಿಸುತ್ತದೆಯೇ?

ಹೆಚ್ಚಿನವು ಸಲಹೆ ಮತ್ತು ಅಭಿಪ್ರಾಯ ಪತ್ರಕ್ಕೆ ಸೀಮಿತ; ವರ್ಷಗಟ್ಟಲೆ ನಡೆಯುವ ದಾವೆ ಶೈಕ್ಷಣಿಕ ಅವಧಿಗೆ ಹೊಂದುವುದಿಲ್ಲ. ಆದರೆ ಅಪವಾದಗಳಿವೆ. ವಿಕಾಸವಾದದ ಬೋಧನೆಯನ್ನು ಪ್ರಶ್ನಿಸುವ ಸಾಕ್ಷ್ಯಚಿತ್ರವೊಂದು ಜಾನ್ ಲೆನನ್ ಅವರ ‘ಇಮ್ಯಾಜಿನ್’ ಹಾಡಿನ ಸುಮಾರು 15 ಸೆಕೆಂಡನ್ನು ಟೀಕಿಸಲೆಂದು ಬಳಸಿದಾಗ ಯೋಕೊ ಓನೊ ಮತ್ತಿತರರು ದಾವೆ ಹೂಡಿದರು. ಸ್ಟ್ಯಾನ್‌ಫರ್ಡ್‌ನ ಫೇರ್ ಯೂಸ್ ಪ್ರಾಜೆಕ್ಟ್ ಚಿತ್ರಕಾರರ ಪರ ನಿಂತಿತು, 2008ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ನಿರಾಕರಿಸಿತು. ಚಿತ್ರದ ವಾದ ಒಪ್ಪಿಗೆಯೋ ಅಲ್ಲವೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಟೀಕಿಸುವ ಹಕ್ಕು ನಮಗೆ ಒಪ್ಪಿಗೆಯಾದ ಮಾತನ್ನು ಆಡುವವರಿಗಷ್ಟೇ ಇದ್ದರೆ ಅದು ಹಕ್ಕಾಗುವುದಿಲ್ಲ. ಸೋತರೆ ಏನಾಗಬಹುದು ಎಂಬುದೂ ತಿಳಿದಿರಲಿ: ಶಾಸನಬದ್ಧ ಪರಿಹಾರ ಒಂದು ಕೃತಿಗೆ 750ರಿಂದ 30,000 ಡಾಲರ್, ಉದ್ದೇಶಪೂರ್ವಕ ಉಲ್ಲಂಘನೆಯಾದರೆ 1,50,000 ಡಾಲರ್‌ವರೆಗೆ.

ವಿದ್ಯಾರ್ಥಿಗಳಿಗೆ ಹೇಳಿದ ಮಾತು ಗೋಪ್ಯವಾಗಿ ಉಳಿಯುತ್ತದೆಯೇ?

ಹೌದು. ವಕೀಲರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದರಿಂದ ವಕೀಲ-ಕಕ್ಷಿದಾರರ ನಡುವಿನ ಗೋಪ್ಯತೆ ಅವರಿಗೂ ಅನ್ವಯಿಸುತ್ತದೆ. ಅಳುಕದೆ ಎಲ್ಲವನ್ನೂ ಹೇಳಿ.

ಕರ್ನಾಟಕದಲ್ಲಿ ಇಂಥ ಕ್ಲಿನಿಕ್ ಇಲ್ಲವೇ?

ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಸೇರಿದಂತೆ ನಮ್ಮಲ್ಲೂ ಕಾನೂನು ನೆರವಿನ ಕ್ಲಿನಿಕ್‌ಗಳಿವೆ. ಆದರೆ ಪೂರ್ಣಾವಧಿ ಸಂಬಳದ ಉದ್ಯೋಗದಲ್ಲಿರುವವರು ವಕೀಲಿ ಮಾಡುವುದಕ್ಕೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಅಡ್ಡಿಯಾಗಿರುವುದರಿಂದಲೂ, ವಿದ್ಯಾರ್ಥಿಗಳಿಗೆ ಕಕ್ಷಿದಾರರನ್ನು ಪ್ರತಿನಿಧಿಸುವ ಅಧಿಕಾರ ಇಲ್ಲದಿರುವುದರಿಂದಲೂ, ಅಮೆರಿಕದ ಮಾದರಿ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ತುಣುಕುಗಳ ಪಟ್ಟಿ ಪರಿಶೀಲಿಸುವುದು, ಸಂಶೋಧನಾ ಟಿಪ್ಪಣಿ ಬರೆಯುವುದು, ಅದನ್ನು ನೋಂದಾಯಿತ ವಕೀಲರೊಬ್ಬರು ಓದಿ ಸಹಿ ಹಾಕುವುದು ಇಷ್ಟಕ್ಕೆ ಈಗಿನ ನಿಯಮಗಳಲ್ಲೂ ಅಡ್ಡಿಯಿಲ್ಲ. ಕನ್ನಡ ಸಾಕ್ಷ್ಯಚಿತ್ರಕಾರರ ಗುಂಪುಗಳು ತಮ್ಮ ಹತ್ತಿರದ ಕಾನೂನು ಕಾಲೇಜಿನ ಅಧ್ಯಾಪಕರ ಜೊತೆ ಈ ಮಾತು ಎತ್ತಬೇಕು ಎಂಬುದು ನನ್ನ ಬಲವಾದ ಆಸೆ.

ಯಾವಾಗ ಸಂಪರ್ಕಿಸಬೇಕು?

ಅಮೆರಿಕದ ಕ್ಲಿನಿಕ್‌ಗಳು ಸೆಮಿಸ್ಟರ್ ಲೆಕ್ಕದಲ್ಲಿ ನಡೆಯುತ್ತವೆ: ಆಗಸ್ಟ್‌ನಿಂದ ಡಿಸೆಂಬರ್, ಜನವರಿಯಿಂದ ಮೇ. ಹಿತಾಸಕ್ತಿಯ ಸಂಘರ್ಷ ಇದೆಯೇ ಎಂದು ನೋಡಿ, ಒಪ್ಪಂದ ಪತ್ರಕ್ಕೆ ಸಹಿ ಹಾಕಿಸಿಕೊಂಡು, ವಿದ್ಯಾರ್ಥಿಗಳಿಗೆ ಕೆಲಸ ಹಂಚಿ, ಅವರು ಬರೆದದ್ದನ್ನು ಅಧ್ಯಾಪಕರು ತಿದ್ದುವಷ್ಟರಲ್ಲಿ ತಿಂಗಳುಗಳು ಹಿಡಿಯುತ್ತವೆ. ಚಿತ್ರೋತ್ಸವದ ಗಡುವಿಗೆ ಎರಡು ವಾರ ಇರುವಾಗ ಬಂದವರಿಗೆ ಅವರು ಹೆಚ್ಚೇನೂ ಮಾಡಲಾಗದು. ಅಂತಿಮ ಸಂಕಲನ ಮುಗಿಸುವ ಮೊದಲೇ, ಸೆಮಿಸ್ಟರ್ ಆರಂಭಕ್ಕೆ ಮುಂಚಿತವಾಗಿ, ಚಿತ್ರದ ಒಂದು ಪುಟದ ಪರಿಚಯವನ್ನೂ ತುಣುಕುಗಳ ಪಟ್ಟಿಯನ್ನೂ ಕಳುಹಿಸಿ. ನೀವು ಭಾರತದಲ್ಲಿದ್ದರೆ, ಅವರು ಸಲಹೆ ಕೊಡಬಲ್ಲದ್ದು ಅಮೆರಿಕದ ಕಾನೂನಿನ ಬಗ್ಗೆ ಮಾತ್ರ ಎಂಬುದನ್ನು ಗಮನದಲ್ಲಿಟ್ಟುಕೊಂಡು, ಇಲ್ಲಿನ ಪ್ರದರ್ಶನಕ್ಕೆ ಇಲ್ಲಿನ ವಕೀಲರನ್ನೂ ಕಾಣಿ.